ಮರ ನಮ್ಮದು, ಕರೆಂಟೂ ನಮ್ಮದು

ಇಲೆಕ್ಟ್ರಿಕ್ ಗಿಟಾರಿಗೆ ಮುಖ್ಯವಾಗಿ ಬೇಕಾಗುವುದು ಎರಡು: ಮರ ಮತ್ತು ಕರೆಂಟು. ತಂತಿ, ಅಯಸ್ಕಾಂತ, ಉದ್ದ ಕೂದಲು ಇವೆಲ್ಲ ಆಮೇಲಿನವು. ದಾಂಡೇಲಿ, ಹಳಿಯಾಳ, ಜೋಯಿಡಾ ಕಡೆಯವರಾದ ನಾವು ಈ ಎರಡನ್ನೂ ಲೋಕಕ್ಕೆ ಧಾರಾಳವಾಗಿ ಕೊಟ್ಟವರು. ಸಾಗವಾನಿ, ಬೀಟೆ, ಮತ್ತಿ, ಕಿಂದಳ ಎಂದು ರೈಲುಗಟ್ಟಲೆ, ಲಾರಿಗಟ್ಟಲೆ ಮರ ಕಳಿಸಿದೆವು. ಕಾಳಿ ನದಿಗೆ ಸೂಪಾದಲ್ಲಿ 101 ಮೀಟರ್ ಎತ್ತರದ ಕಟ್ಟೆ ಕಟ್ಟಿಸಿಕೊಂಡು, ಒಂದು ತಾಲೂಕು ಕೇಂದ್ರವನ್ನೇ ನೀರಿಗೆ ಬಿಟ್ಟು, ಕರೆಂಟೂ ಕಳಿಸಿದೆವು. ಇಷ್ಟಾದ ಮೇಲೆ ಒಂದು ಗಿಟಾರಾದರೂ ವಾಪಸು ಬರಬೇಕಿತ್ತು. ಬರಲಿಲ್ಲ. ಹೈಸ್ಕೂಲು ಮುಗಿಯುವ ತನಕ ನಾನು ಇಲೆಕ್ಟ್ರಿಕ್ ಗಿಟಾರು ಕಂಡದ್ದು ಸಿನಿಮಾ ಪರದೆಯ ಮೇಲೆ ಮಾತ್ರ. ಅಲ್ಲಿಯೂ ಹೀರೊ ಅದಕ್ಕೆ ವೈರು ಸಿಗಿಸದೆಯೇ ಬಾರಿಸುತ್ತಿದ್ದ.

ಅಪ್ಪ ದಾಂಡೇಲಿಯ ಟಿಂಬರ್ ಡಿಪೋದಲ್ಲಿ ಗುಮಾಸ್ತ. ದಿಮ್ಮಿಯ ಉದ್ದ, ಸುತ್ತಳತೆ, ಲಾಟ್ ನಂಬರು ಬರೆಯುವುದು, ಕೊರಡಿನ ತುದಿಗೆ ಇಲಾಖೆಯ ಸುತ್ತಿಗೆ ಗುರುತು ಬಿದ್ದಿದೆಯೇ ಎಂದು ನೋಡುವುದು ಅವರ ಕೆಲಸ. ಅಳ್ನಾವರದಿಂದ ದಾಂಡೇಲಿಗೆ ರೈಲು ಬಂದದ್ದೇ ಈ ಮರದ ಆಸೆಗೆ. ಮನುಷ್ಯರು ಅದರಲ್ಲಿ ಕೂತದ್ದು ಹೆಚ್ಚುವರಿ ಸರಕಾಗಿ. ಲಿಲಾವಿನ ದಿನ ಹುಬ್ಬಳ್ಳಿ, ಬೆಳಗಾವಿ, ಮುಂಬೈ ಕಡೆಯ ವ್ಯಾಪಾರಿಗಳು, ಸಾಮಿಲ್ಲಿನ ಕಛ್ ಪಟೇಲರು ಬಂದು ದಿಮ್ಮಿಗಳ ನಡುವೆ ಓಡಾಡುತ್ತಿದ್ದರು. ಬೀಟೆಯ ಮುಂದೆ ಬಂದಾಗ ಎಲ್ಲರ ನಡಿಗೆಯೂ ನಿಧಾನವಾಗುತ್ತಿತ್ತು. ಒಬ್ಬರು ಬಡಿದು ಕಿವಿ ಕೊಡುವವರು, ಒಬ್ಬರು ಕೊಯ್ದ ಕಡೆ ಉಗುಳು ಹಚ್ಚಿ ಬಣ್ಣ ನೋಡುವವರು, ಒಬ್ಬರು ಸುಮ್ಮನೆ ಮೂಸುವವರು. ‘ಸಾಗವಾನಿ ಮನೀಗೆ ಹೋಗತೈತಿ, ಬೀಟಿ ಹಡಗ ಹತ್ತತೈತಿ’ ಎನ್ನುತ್ತಿದ್ದರು ಅಪ್ಪ. ಹಡಗು ಹತ್ತಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ, ರಜಿಸ್ಟರಿನಲ್ಲಿ ಆ ಕಾಲಮ್ಮು ಇಲ್ಲ ಎನ್ನುವ ಉತ್ತರ.

ಆ ಕಾಲಮ್ಮನ್ನು ಬಹಳ ತಡವಾಗಿ ತುಂಬಿಸಿಕೊಟ್ಟವನು ನನ್ನ ತಮ್ಮನ ಮಗ. ಅವನು ಬೆಂಗಳೂರಿನಲ್ಲಿದ್ದಾನೆ. ವಾರದಲ್ಲಿ ಐದು ದಿನ ಕಂಪ್ಯೂಟರು, ಎರಡು ದಿನ ರಾಕ್ ಬ್ಯಾಂಡು. ಐದು ದಿನದ ಸಂಬಳ ಎರಡು ದಿನದ ಹುಚ್ಚಿಗೆ ಸಾಲುವುದಿಲ್ಲ, ಏಕೆಂದರೆ ಅವನು ಬಾರಿಸುವುದಷ್ಟೇ ಅಲ್ಲ, ಹಳೆಯ ಗಿಟಾರುಗಳನ್ನು ಕೂಡಿಡುತ್ತಾನೆ. ಅವನ ಮನೆಯ ಗೋಡೆಯ ಮೇಲೆ ದೇವರಿಗೂ ಹಿರಿಯರಿಗೂ ಉಳಿದಿರುವ ಜಾಗ ಕಡಿಮೆ. ಹೋದ ಸಲ ಒಂದನ್ನು ಇಳಿಸಿ, ಕೈಗೆ ಕೊಡದೆ, ದೂರದಿಂದಲೇ ತೋರಿಸಿದ. ಬಣ್ಣ ಅಲ್ಲಲ್ಲಿ ಎದ್ದಿತ್ತು, ಮೊಳೆಗಳಿಗೆ ತುಕ್ಕು ಹಿಡಿದಿತ್ತು, ಯಾರದೋ ಸಿಗರೇಟಿನ ಸುಟ್ಟ ಕಲೆಯೂ ಇತ್ತು.

‘ಎಪ್ಪತ್ತರ ದಶಕದ್ದು ದೊಡ್ಡಪ್ಪಾ. ಒರಿಜಿನಲ್ ಕಲೆ’ ಅಂದ.

‘ಬೆರಳು ಓಡಾಡೋ ಕರೀ ಪಟ್ಟಿ ಯಾವ ಕಟ್ಟಿಗಿದು?’ ಅಂದೆ. ಡಿಪೋ ಗುಮಾಸ್ತನ ಮಗ ಬೇರೆ ಏನು ಕೇಳಿಯಾನು?

ಅವನು ದನಿ ತಗ್ಗಿಸಿದ. ‘ರೋಸ್‌ವುಡ್. ಆದರೆ ಬ್ರೆಜಿಲ್‌ದಲ್ಲ ದೊಡ್ಡಪ್ಪಾ. ಇಂಡಿಯನ್ನೇ.’

ಹುಡುಗಿ ಚೆನ್ನಾಗಿದ್ದಾಳೆ, ಆದರೆ ಡಿಗ್ರಿ ಆಗಿಲ್ಲ ಎಂದು ಹೇಳುವವರ ದನಿ ಅದು. ನನಗೆ ಕೆಣಕಿದಂತಾಯಿತು. ನಮ್ಮ ಬೀಟೆಗೆ ಯಾರ ಎದುರಲ್ಲಿ ಏನು ಕಡಿಮೆಯಾಯಿತು ಎಂದು ಕೇಳುತ್ತ ಹೋದೆ, ಅವನು ಹೇಳುತ್ತ ಹೋದ. ಊಟ ತಣ್ಣಗಾಯಿತು.

ಕಥೆ ಹೀಗಿದೆ. ಅಮೆರಿಕದ ಫೆಂಡರ್ ಕಂಪನಿಯವರು ಮೊದಲು ಗಿಟಾರಿನ ಕುತ್ತಿಗೆಯನ್ನು ಬಿಳಿಯ ಮೇಪಲ್ ಮರದಲ್ಲೇ ಮಾಡುತ್ತಿದ್ದರು. ಬಾರಿಸುವವರ ಬೆವರಿಗೆ ಮೆರುಗು ಸವೆದು ಅದು ಕೊಳೆಯಾಗಿ ಕಾಣುತ್ತಿತ್ತು. 1958ರಲ್ಲಿ ಜಾಝ್‌ಮಾಸ್ಟರ್ ಎಂಬ ಮಾದರಿಗೆ ರೋಸ್‌ವುಡ್ ಪಟ್ಟಿ ಹಾಕಿದರು, ಮರುವರ್ಷ ಉಳಿದವಕ್ಕೂ ಹಾಕಿದರು. ರೋಸ್‌ವುಡ್ ಗಟ್ಟಿ, ಒಳಗೇ ಎಣ್ಣೆಯ ಪಸೆ ಇರುವ ಮರ. ಬೆವರಿಗೆ ಹೆದರುವುದಿಲ್ಲ, ಕೊಳೆಯಾದರೂ ತೋರಿಸಿಕೊಳ್ಳುವುದಿಲ್ಲ. ಗಿಬ್ಸನ್ ಕಂಪನಿಯವರು ಮೊದಲಿನಿಂದಲೂ ಹೆಚ್ಚಾಗಿ ಅದನ್ನೇ ಬಳಸುತ್ತಿದ್ದರು. ಆದರೆ ಇವೆಲ್ಲ ಬ್ರೆಜಿಲಿನ ರೋಸ್‌ವುಡ್. ಅರವತ್ತರ ದಶಕದ ಕೊನೆಗೆ ಬ್ರೆಜಿಲಿನವರು ದಿಮ್ಮಿ ಹೊರಗೆ ಕಳಿಸುವುದಕ್ಕೆ ತಡೆ ಹಾಕಿದಾಗ, ಗಿಟಾರಿನವರ ಕಣ್ಣು ಪಶ್ಚಿಮ ಘಟ್ಟದ ಬೀಟೆಯ ಮೇಲೆ ಬಿತ್ತು. ಅಕೂಸ್ಟಿಕ್ ಗಿಟಾರಿನ ದೊಡ್ಡ ಮನೆತನವಾದ ಮಾರ್ಟಿನ್ 1969ರಲ್ಲಿ ನಮ್ಮ ಬೀಟೆಗೆ ತಿರುಗಿತು. ಅಂದರೆ ನಾವು ಎರಡನೆಯವರಾಗಿ ಮನೆ ತುಂಬಿದೆವು. ಮನೆ ನಡೆಸಿದ್ದು ನಾವು, ಆದರೆ ಸಂಗ್ರಹಕಾರರು ಇವತ್ತಿಗೂ ಕಣ್ಣೊರೆಸಿಕೊಳ್ಳುವುದು ಮೊದಲಿನವಳ ಫೋಟೊ ನೋಡಿ.

ಒಂದು ಸಮಾಧಾನವಿದೆ. 1968ರಲ್ಲಿ ಫೆಂಡರ್‌ನವರು ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ನರಿಗಾಗಿ ಇಡೀ ಗಿಟಾರನ್ನೇ, ಮೈ ಕುತ್ತಿಗೆ ಎರಡನ್ನೂ, ರೋಸ್‌ವುಡ್‌ನಲ್ಲಿ ಮಾಡಿಕೊಟ್ಟರು. 1969ರ ಜನವರಿ 30ರಂದು ಲಂಡನ್ನಿನ ಮಾಳಿಗೆಯ ಮೇಲೆ ಬೀಟಲ್ಸ್ ಕೊನೆಯ ಬಾರಿ ಜನರ ಮುಂದೆ ಹಾಡಿದಾಗ ಹ್ಯಾರಿಸನ್ ಕೈಯಲ್ಲಿದ್ದದ್ದು ಅದೇ. ಫೋಟೊ ನೋಡಿದರೆ ನನಗೆ ಗಾಯಕರು ಕಾಣುವುದಿಲ್ಲ, ಮರ ಕಾಣುತ್ತದೆ. ಹಿಂದೆ ತಿರುಗಿಸಿದರೆ ಎಲ್ಲೋ ಮೂಲೆಯಲ್ಲಿ ಡಿಪೋದ ಸುತ್ತಿಗೆ ಗುರುತು, ಅದರ ಕೆಳಗೆ ಅಪ್ಪನ ದುಂಡು ಅಕ್ಷರದ ಲಾಟ್ ನಂಬರು ಕಂಡೀತು ಅನಿಸುತ್ತದೆ. ಇದಕ್ಕೆ ದಾಖಲೆ ಕೇಳುವವರು ಲಲಿತ ಪ್ರಬಂಧ ಓದಬಾರದು.

ಬೀಟೆಯ ಮುಂದಿನ ಬಾಳು ಪೂರ್ತಿ ಕೋರ್ಟು ಕಚೇರಿಯದು. 2011ರ ಆಗಸ್ಟಿನಲ್ಲಿ ಅಮೆರಿಕದ ವನ್ಯಜೀವಿ ಇಲಾಖೆಯವರು ಬಂದೂಕು ಸಮೇತ ಗಿಬ್ಸನ್ ಕಾರ್ಖಾನೆಗೆ ನುಗ್ಗಿದರು. ಭಾರತದಿಂದ ಬಂದ ಬೀಟೆ ಮತ್ತು ಕರಿಮರದ ಪಟ್ಟಿಗಳು 6 ಮಿಲಿಮೀಟರಿಗಿಂತ ದಪ್ಪ ಇವೆ, ಭಾರತದ ರಫ್ತು ನಿಯಮ ಅದನ್ನು ಒಪ್ಪುವುದಿಲ್ಲ ಎನ್ನುವುದು ಅವರ ತಕರಾರು. ನಮ್ಮ ನಿಯಮವನ್ನು ನಾವೇ ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಮರುವರ್ಷ ರಾಜಿಯಾಯಿತು, ಮಡಗಾಸ್ಕರದ ಕರಿಮರದ ಇನ್ನೊಂದು ಪ್ರಕರಣವೂ ಸೇರಿ ಕಂಪನಿ ಮೂರು ಲಕ್ಷ ಡಾಲರ್ ದಂಡ ಕಟ್ಟಿತು, ಭಾರತದ ಮರ ಮಾತ್ರ ವಾಪಸು ಸಿಕ್ಕಿತು. ಅವರೇನು ಕಡಿಮೆ? ಆ ಮರದಲ್ಲೇ ಗಿಟಾರು ಮಾಡಿ, ‘ಗವರ್ನಮೆಂಟ್ ಸೀರೀಸ್’ ಎಂದು ಹೆಸರಿಟ್ಟು ಮಾರಿದರು. 2017ರಲ್ಲಿ ಜಗತ್ತಿನ ಅಷ್ಟೂ ರೋಸ್‌ವುಡ್ ಜಾತಿಗಳು ಅಂತರರಾಷ್ಟ್ರೀಯ ನಿಗಾ ಪಟ್ಟಿಗೆ ಸೇರಿದವು. ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ ಎಂಬ ನಮ್ಮ ಬೀಟೆಯ ಶಾಸ್ತ್ರೀಯ ಹೆಸರನ್ನು ಅರಣ್ಯ ಕಾಲೇಜಿನ ಹುಡುಗರಿಗಿಂತ ಚೆನ್ನಾಗಿ ಗಿಟಾರು ಮಾರುವವರು ಬಾಯಿಪಾಠ ಮಾಡಿದರು. 2019ರ ನವೆಂಬರಿನಲ್ಲಿ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಇನ್ನು ನಮ್ಮ ಗಿಟಾರಿನ ವಿಷಯ.

ಅಪ್ಪನ ತಂಗಿಯನ್ನು ಹಳಿಯಾಳದಿಂದ ಸೂಪಾಕ್ಕೆ ಕೊಟ್ಟಿತ್ತು. ಕಟ್ಟೆ ಏಳತೊಡಗಿದಾಗ ಊರು ಬಿಡಬೇಕಾಗಿ ಬಂತು. ರಾಮನಗರದಲ್ಲಿ ಹೊಸ ಜಾಗ. ಜನ ತಮ್ಮ ಮನೆಗಳನ್ನು ತಾವೇ ಕಳಚಿದರು: ಹಂಚು, ಜಂತಿ, ಕಂಬ, ಬಾಗಿಲು. ಅತ್ತೆಯ ಮನೆಯ ತಲಬಾಗಿಲು ಎರಡು ಕದದ್ದು, ಹಳೆಯ ಸಾಗವಾನಿ, ಅವರ ಮಾವನ ಅಪ್ಪನ ಕಾಲದ್ದು. ಹೊಸ ಮನೆಯ ಚೌಕಟ್ಟು ಸಣ್ಣದು, ಕದ ಕೂಡಲಿಲ್ಲ. ಲಾರಿಯಲ್ಲಿ ಅದು ದಾಂಡೇಲಿಗೆ ಬಂದು ನಮ್ಮ ಹಿತ್ತಲಲ್ಲಿ ಗೋಡೆಗೆ ಆನಿಸಿಕೊಂಡು ನಿಂತಿತು. ‘ಇರಲಿ, ಮುಂದ ಮನಿ ದೊಡ್ಡದು ಕಟ್ಟಿದಾಗ ಒಯ್ತೇವಿ’ ಅಂದಿದ್ದರು ಅತ್ತೆ.

ಅದೇ ಹೊತ್ತಿಗೆ ಪೇಪರ್ ಮಿಲ್ಲಿನ ಕಾಲೊನಿಯ ಕೆಲವು ಹುಡುಗರು ಸೇರಿ ಆರ್ಕೆಸ್ಟ್ರಾ ಕಟ್ಟಿದ್ದೆವು. ದಾಂಡೇಲಿಯಲ್ಲಿ ಅದು ಸುಲಭ. ಮಿಲ್ಲಿಗೆಂದು ಎಲ್ಲೆಲ್ಲಿಂದಲೋ ಬಂದವರ ಊರು; ಒಂದು ಓಣಿಯಲ್ಲಿ ತೆಲುಗಿನ ಭಜನೆ, ಮುಂದಿನದರಲ್ಲಿ ಕೊಂಕಣಿ ಕ್ರಿಸ್ಮಸ್ ಹಾಡು, ಆಚೆ ಮರಾಠಿ ಆರತಿ. ನಮ್ಮಲ್ಲಿ ಹಾರ್ಮೋನಿಯಂ ಇತ್ತು, ಚರ್ಚಿನಿಂದ ಎರವಲು ತಂದ ಡ್ರಮ್ಮು ಇತ್ತು, ಇಲೆಕ್ಟ್ರಿಕ್ ಗಿಟಾರು ಇರಲಿಲ್ಲ. ಆಗ ವಿದೇಶದ ಮಾಲು ತರುವುದು ಕಷ್ಟ. ದೇಶದ ದೊಡ್ಡ ಊರುಗಳ ರಾಕ್ ಹುಡುಗರೂ ಬಡಿಗರ ಕೈಯಲ್ಲಿ ಗಿಟಾರು ಮಾಡಿಸಿಕೊಳ್ಳುತ್ತಿದ್ದ ಕಾಲ. ನಾವೂ ಹಿತ್ತಲ ಕದ ಹೊತ್ತುಕೊಂಡು ಬಡಿಗೇರ ಕಾಕಾನ ಅಂಗಳಕ್ಕೆ ಹೋದೆವು, ಒಂದು ಕ್ಯಾಲೆಂಡರಿನ ಚಿತ್ರವನ್ನೂ ಹಿಡಿದುಕೊಂಡು.

ಕಾಕಾ ಚಿತ್ರ ನೋಡಿ, ‘ಇದರೊಳಗ ಏನ ಇಡತಾರ?’ ಅಂದರು.

‘ಏನೂ ಇಡಂಗಿಲ್ಲ ಕಾಕಾ, ಬಾರಸ್ತಾರ.’

‘ಒಳಗ ಪೊಳ್ಳ ಇಲ್ಲಂದ್ರ ಆವಾಜ ಎಲ್ಲಿಂದ ಬರಬೇಕು?’

ಬಹಳ ಒಳ್ಳೆಯ ಪ್ರಶ್ನೆ. ಅಯಸ್ಕಾಂತಕ್ಕೆ ಸುತ್ತಿದ ಸಾವಿರಾರು ಸುತ್ತಿನ ತೆಳು ತಾಮ್ರದ ತಂತಿ, ಅದರ ಮೇಲೆ ಉಕ್ಕಿನ ತಂತಿ ನಡುಗಿದರೆ ಹುಟ್ಟುವ ಚೂರು ಕರೆಂಟು, ಅದನ್ನು ದೊಡ್ಡದು ಮಾಡುವ ಪೆಟ್ಟಿಗೆ ಎಂದು ವಿವರಿಸಿದೆವು. ಕಾಕಾ ನಂಬಲಿಲ್ಲ, ಆದರೆ ಮಾಡಿಕೊಟ್ಟರು. ಆಯುಷ್ಯವೆಲ್ಲ ಬಾಗಿಲು, ಕಿಟಕಿ ಮಾಡಿದ ಕೈ. ಗಿಟಾರೂ ನೂರು ವರ್ಷ ಮಳೆ ಗಾಳಿ ತಡೆಯಬೇಕು ಎನ್ನುವ ಲೆಕ್ಕದಲ್ಲೇ ಮಾಡಿದರು. ಆ ತಾಮ್ರದ ತಂತಿಯ ಸುರುಳಿಯನ್ನು, ಅಂದರೆ ಪಿಕಪ್ಪನ್ನು, ಹುಬ್ಬಳ್ಳಿಯ ಒಬ್ಬ ರೇಡಿಯೊ ರಿಪೇರಿಯವರು ಸುತ್ತಿಕೊಟ್ಟರು. ಕುತ್ತಿಗೆಗೆ ಹಾಕಿಕೊಂಡ ಮೊದಲ ದಿನವೇ ನಮ್ಮ ಗಿಟಾರಿಸ್ಟ್ ಮುಂದಕ್ಕೆ ಬಾಗಿದವನು ಆ ಭಂಗಿಯಲ್ಲೇ ಹೆಸರಾದ. ಹ್ಯಾರಿಸನ್ನರ ರೋಸ್‌ವುಡ್ ಗಿಟಾರೂ ಬಹಳ ಭಾರವಂತೆ. ಆಮೇಲೆ ಮಾಡಿದ ಅದೇ ಮಾದರಿಯವನ್ನು ಕಂಪನಿಯವರು ಒಳಗೆ ಕೊರೆದು ಹಗುರ ಮಾಡಿದರಂತೆ. ಕಾಕಾ ಕೇಳಿದ್ದು ಅದನ್ನೇ ಅಲ್ಲವೇ?

ಗಣೇಶನ ಹಬ್ಬದಲ್ಲಿ ಮೊದಲ ಕಾರ್ಯಕ್ರಮ. ಮಂಟಪದ ಮೈಕ್ ಸೆಟ್ಟಿಗೇ ಗಿಟಾರು ಸಿಗಿಸಿದೆವು. ಕಳೆದುಹೋದ ಮಕ್ಕಳ ಹೆಸರು ಕೂಗುವ ಅದೇ ಭೋಂಗಾದಿಂದ ನಮ್ಮ ನಾದ ಹೊರಟಿತು. ಜನ ಕುಣಿಯಲು ಎದ್ದರು ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಕೂಗಳತೆಯಲ್ಲಿ ಅಂಬಿಕಾನಗರ, ನಾಗಝರಿಯ ವಿದ್ಯುದಾಗಾರ. ರಾಜ್ಯವೆಲ್ಲ ಬೆಳಗುವ ಕಾಳಿಯ ಕರೆಂಟು ನಮ್ಮ ತಲೆಯ ಮೇಲಿನ ತಂತಿಯಲ್ಲೇ ಹಾಯ್ದು ಬೆಂಗಳೂರಿಗೆ ಹೋಗುತ್ತಿತ್ತು. ನಮ್ಮ ಮುಂದೆ ಕೈಯಲ್ಲಿ ಗಿಟಾರು ಹಿಡಿದ ಹುಡುಗ, ಅಂದರೆ ಕದದ ಒಂದು ತುಂಡು ಹಿಡಿದ ಹುಡುಗ, ಕತ್ತಲಲ್ಲಿ ನಿಂತಿದ್ದ.

ಕಾರ್ಯಕ್ರಮ ನಿಲ್ಲಲಿಲ್ಲ. ಅವತ್ತು ಹಳಿಯಾಳದ ಕಡೆಯ ಹಳ್ಳಿಯಿಂದ ಸಿದ್ದಿಗಳ ತಂಡವೂ ಬಂದಿತ್ತು. ಯಾರೋ ಕತ್ತಲಲ್ಲಿ ಡಮಾಮಕ್ಕೆ ಒಂದು ಏಟು ಕೊಟ್ಟರು. ಆಮೇಲೆ ನಡೆದದ್ದನ್ನು ನೋಡಿದವರಿಲ್ಲ, ಕೇಳಿದವರು ಬಹಳ. ಕರೆಂಟು ಬಂದಾಗಲೂ ನಮ್ಮನ್ನು ಯಾರೂ ಕರೆಯಲಿಲ್ಲ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರ ಮಕ್ಕಳು ಅವರು. ಅದೇ ಆಫ್ರಿಕಾದಿಂದ ಅಮೆರಿಕದ ಹತ್ತಿ ಹೊಲಗಳಿಗೆ ಹೋದವರ ಮಕ್ಕಳು ಬ್ಲೂಸ್ ಹಾಡಿದರು, ಬ್ಲೂಸ್‌ನಿಂದ ರಾಕ್ ಹುಟ್ಟಿತು. ಅಂದರೆ ನಾವು ಕ್ಯಾಲೆಂಡರು ನೋಡಿ ಕಲಿಯಲು ಒದ್ದಾಡುತ್ತಿದ್ದದ್ದರ ಬುಡಕಟ್ಟು ಬೀಗರು ಪಕ್ಕದ ಹಳ್ಳಿಯಲ್ಲೇ ಇದ್ದರು, ನಾವು ಅವರಿಗೆ ಕೊನೆಯ ಐಟಮ್ಮಿನ ಜಾಗ ಕೊಟ್ಟಿದ್ದೆವು. 2003ರಲ್ಲಿ ಸರ್ಕಾರ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. 2021ರ ‘ಸಲಗ’ ಸಿನಿಮಾದ ಹಾಡಿನಲ್ಲಿ ಗಿರಿಜಾ ಸಿದ್ದಿ ಮತ್ತು ಸಂಗಡಿಗರ ದನಿ ಕೇಳಿ ಬೆಂಗಳೂರೂ ಕುಣಿಯಿತು. ಕರೆಂಟು ಇಟ್ಟುಕೊಂಡೇ ಕುಣಿಯಿತು ಎನ್ನಿ.

ನಿಜವಾದ ಇಲೆಕ್ಟ್ರಿಕ್ ಗಿಟಾರು ಮುಟ್ಟಲು ನಮಗೆ ಸಿಕ್ಕಿದ್ದು ಮುಂಡಗೋಡದಲ್ಲಿ. 1966ರಿಂದ ಅಲ್ಲಿ ಟಿಬೆಟನ್ ನಿರಾಶ್ರಿತರ ಕ್ಯಾಂಪುಗಳಿವೆ. ಡ್ರೆಪುಂಗ್, ಗಾಂಡೆನ್ ಎಂಬ ದೊಡ್ಡ ಮಠಗಳು ಮುಸುಕಿನ ಜೋಳದ ಹೊಲಗಳ ನಡುವೆ ಎದ್ದು ನಿಂತಿವೆ. ಕ್ಯಾಂಪಿನ ಒಬ್ಬ ಹುಡುಗನಿಗೆ ಸ್ವಿಟ್ಜರ್ಲೆಂಡಿನಲ್ಲಿದ್ದ ಅಣ್ಣ ಜಪಾನಿನ ಗಿಟಾರು ಕಳಿಸಿದ್ದಾನೆ ಎಂಬ ಸುದ್ದಿ ಕೇಳಿ, ಬಸ್ಸು ಬದಲಿಸುತ್ತ, ನಮ್ಮದನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಹೋದೆವು. ಅವನು ತನ್ನದನ್ನು ಮರುಮಾತಿಲ್ಲದೆ ನಮ್ಮ ಕೈಗೆ ಕೊಟ್ಟ. ನಮ್ಮದನ್ನು ತೊಡೆಯ ಮೇಲೆ ಇಟ್ಟುಕೊಂಡು, ತಿರುಗಿಸಿ, ಬೆನ್ನಿನ ಮೇಲೆ ಉಳಿದಿದ್ದ ಕಬ್ಬಿಣದ ಪಟ್ಟಿಯ ಗುರುತು ಸವರಿ, ಸ್ವಚ್ಛ ಕನ್ನಡದಲ್ಲಿ, ‘ಅಣ್ಣಾ, ಇದು ಬಾಗಿಲು’ ಅಂದ. ಮನೆ ಬಿಟ್ಟು ಬಂದವರ ಮಗನಿಗೆ ಅದು ಬೇಗ ತಿಳಿಯಿತು. ಅವನ ಊರಿನ ಡ್ರೆಪುಂಗ್ ಲೋಸೆಲಿಂಗ್ ಮಠದ ಭಿಕ್ಷುಗಳು ಮುಂದೆ ಅಮೆರಿಕದಲ್ಲೆಲ್ಲ ತಿರುಗಿ, ಗಂಟಲಿನ ಆಳದಿಂದ ಒಟ್ಟೊಟ್ಟಿಗೆ ಹಲವು ಸ್ವರ ಹೊರಡಿಸುವ ಮಂತ್ರಪಠಣ ಮಾಡಿದರು, ಪಾಲ್ ಸೈಮನ್, ಪ್ಯಾಟಿ ಸ್ಮಿತ್ ಮುಂತಾದವರ ಜತೆ ವೇದಿಕೆ ಏರಿದರು. ನಮ್ಮ ನಾಲ್ಕು ತಾಲೂಕುಗಳಿಂದ ರಾಕ್ ವೇದಿಕೆಗೆ ಹೋದವರು ಅವರೇ, ಗಿಟಾರಿಲ್ಲದೆ.

ಆರ್ಕೆಸ್ಟ್ರಾ ಬಹಳ ಕಾಲ ಬದುಕಲಿಲ್ಲ. ಒಬ್ಬನಿಗೆ ಮಿಲ್ಲಿನಲ್ಲಿ ಪರ್ಮನೆಂಟ್ ಆಯಿತು, ಒಬ್ಬನಿಗೆ ಮದುವೆ ಆಯಿತು, ನನಗೆ ಮಾಸ್ತರಿಕೆ ಸಿಕ್ಕಿತು. ಇವು ಮೂರೂ ಸಂಗೀತಕ್ಕೆ ಆಗುವುದಿಲ್ಲ.

ತಮ್ಮನ ಮಗ ಈ ಕಥೆಯನ್ನೆಲ್ಲ ಬಾಯಿ ತೆರೆದು ಕೇಳಿದ. ಅವನ ಲೋಕದಲ್ಲಿ ಇದು ಬರೀ ಕಥೆಯಲ್ಲ, ಮಾಲು. ಹಳೆಯ ಗಿಟಾರಿಗೆ ಬೆಲೆ ಬರುವುದು ಅದರ ಹಿಂದಿನ ಕಥೆಯಿಂದಂತೆ. 1958ರಿಂದ 1960ರವರೆಗಿನ ಗಿಬ್ಸನ್ ಲೆಸ್ ಪಾಲ್ ಆಗ ಮಾರಾಟವಾಗದೆ ನಿಂತೇಹೋದ ಮಾದರಿ. ಈಗ ಒಂದಕ್ಕೆ ಲಕ್ಷಗಟ್ಟಲೆ ಡಾಲರು. ಪೀಟರ್ ಗ್ರೀನ್ ಎಂಬವರ 1959ರ ಲೆಸ್ ಪಾಲ್‌ನಲ್ಲಿ ಒಂದು ಪಿಕಪ್ಪಿನ ಅಯಸ್ಕಾಂತ ತಿರುವುಮುರುವಾಗಿ, ಯಾರಿಗೂ ಇಲ್ಲದ ಮೂಗಿನ ದನಿ ಬಂತು. ಅದು ಗ್ಯಾರಿ ಮೂರ್ ಕೈಗೆ ಹೋಗಿ, ಈಗ ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಹತ್ತಿರ ಇದೆ. ನಮ್ಮದರಲ್ಲಿ ಎಲ್ಲವೂ ತಿರುವುಮುರುವೇ ಇತ್ತು, ಯಾರೂ ಕೇಳಲಿಲ್ಲ. ಮೆಟಾಲಿಕಾ 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಬಾರಿಸಿದಾಗ ಇವನು ಮುಂದಿನ ಸಾಲಿನಲ್ಲಿದ್ದನಂತೆ. ಒಂದು ಕ್ಷಣವೂ ಕರೆಂಟು ಹೋಗಲಿಲ್ಲವಂತೆ. ಎಲ್ಲಿಂದ ಹೋದೀತು, ಕಳಿಸಿದವರು ನಾವು. ಗಿಟಾರಿಸ್ಟ್ ಮಾರ್ಕ್ ನಾಫ್ಲರ್ 2024ರ ಜನವರಿಯಲ್ಲಿ ನೂರಿಪ್ಪತ್ತು ಚಿಲ್ಲರೆ ಗಿಟಾರು, ಆಂಪ್ಲಿಫೈಯರು ಲಿಲಾವಿಗಿಟ್ಟರೆ 88 ಲಕ್ಷ ಪೌಂಡು ದಾಟಿತು. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ 2019ರಲ್ಲಿ ಮಾರಿದ ಒಂದು ಕರಿ ಗಿಟಾರೇ ಸುಮಾರು 40 ಲಕ್ಷ ಡಾಲರಿಗೆ ಹೋಯಿತು. ಬಂದ ಹಣವನ್ನೆಲ್ಲ ಪರಿಸರಕ್ಕಾಗಿ ಕೇಸು ನಡೆಸುವ ವಕೀಲರ ಸಂಸ್ಥೆಗೆ ಕೊಟ್ಟರು. ಅಪ್ಪ ಇದ್ದಿದ್ದರೆ, ಮರ ಕಡಿದು ಮಾಡಿದ್ದನ್ನು ಮಾರಿ ಮರ ಉಳಿಸುವ ಈ ಲೆಕ್ಕವನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಿದ್ದರೋ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು. 1995ರಿಂದ ಫೆಂಡರ್‌ನವರು ಹೊಚ್ಚ ಹೊಸ ಗಿಟಾರನ್ನೇ ಕೆರೆದು, ಕುಟ್ಟಿ, ತುಕ್ಕು ಹಿಡಿಸಿ, ಹಳೆಯದರ ಹಾಗೆ ಮಾಡಿ ಹೆಚ್ಚಿನ ಬೆಲೆಗೆ ಮಾರುತ್ತಾರಂತೆ. ಇದಕ್ಕೆ ಕಸಬುದಾರರನ್ನು ಇಟ್ಟಿದ್ದಾರಂತೆ. ಅವರು ಒಮ್ಮೆ ಜೋಯಿಡಾಕ್ಕೆ ಬರಬೇಕು. ಕ್ಯಾಸಲ್‌ರಾಕ್ ಕಡೆ ಜೂನಿನಲ್ಲಿ ಗಿಟಾರು ತಂದು ಪಡಸಾಲೆಯಲ್ಲಿಟ್ಟರೆ ಆಗಸ್ಟಿಗೆ ತಂತಿಗೆ ತುಕ್ಕು, ಕುತ್ತಿಗೆಗೆ ಬಾಗು, ಚರ್ಮದ ಪಟ್ಟಿಗೆ ಬೂಷ್ಟು, ಹೊಟ್ಟೆಯೊಳಗೆ ಗೆದ್ದಲು ಎಲ್ಲ ಪುಕ್ಕಟೆ. ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲೆಲ್ಲ ರೆಸಾರ್ಟುಗಳಾಗಿ, ಶನಿವಾರ ಸಂಜೆ ಬೆಂಗಳೂರಿನ ಕಾರುಗಳಲ್ಲಿ ಗಿಟಾರುಗಳು ಬಂದೇ ಬರುತ್ತವೆ. ಭಾನುವಾರ ಊಟ ಮುಗಿಸಿ ಹೊರಟುಬಿಡುತ್ತವೆ, ಕಲೆ ಹಿಡಿಯುವಷ್ಟು ಕಾಲ ನಿಲ್ಲುವುದಿಲ್ಲ.

‘ದೊಡ್ಡಪ್ಪಾ, ನಿಮ್ಮ ಬಾಗಿಲ ಗಿಟಾರು ಈಗ ಎಲ್ಲಿದೆ?’ ಅಂದ ಅವನು. ಕಣ್ಣಿನಲ್ಲಿ ಪಟೇಲರ ಹೊಳಪಿತ್ತು.

ರಾಮನಗರಕ್ಕೆ ಕರೆದುಕೊಂಡು ಹೋದೆ. ಅತ್ತೆಗೆ ತೊಂಬತ್ತು ಸಮೀಪಿಸಿದೆ, ಕಿವಿ ಮಂದ, ಲೆಕ್ಕ ಚುರುಕು. ಅಡುಗೆಮನೆಯಲ್ಲಿ ಈಳಗಿಯ ಮೇಲೆ ಕೂತು ಹೀರೆಕಾಯಿ ಹೆಚ್ಚುತ್ತಿದ್ದರು. ಇವನು ಕಾಲಿಗೆ ಬೀಳಲು ಬಗ್ಗಿದವನು ಬಗ್ಗಿಯೇ ಉಳಿದ. ಅತ್ತೆಯ ಕೆಳಗಿನ ಮಣೆಗೆ ಸೊಂಟವಿತ್ತು, ಎರಡು ಕೊಂಬುಗಳಿದ್ದವು, ನಡುವೆ ಪಿಕಪ್ಪು ಕೂಡಿಸಿದ್ದ ಆಯದ ಗುಂಡಿಯಲ್ಲಿ ಹೀರೆಕಾಯಿಯ ಸಿಪ್ಪೆ ತುಂಬಿತ್ತು. ಒಂದು ಕೊಂಬಿಗೆ ಈಳಗಿಯ ಅಲಗು ಕೂಡಿಸಿದ್ದರು. ಕುತ್ತಿಗೆ ದನದ ಕೊಟ್ಟಿಗೆಯ ಬಾಗಿಲಿಗೆ ಅಗಳಿಯಾಗಿ ಹೋಗಿತ್ತು, ತಂತಿ ಕಟ್ಟುವ ತಿರುಪುಗಳ ಸಮೇತ.

‘ಅಜ್ಜಿ, ಇದನ್ನ ನನಗ ಕೊಡ್ರಿ. ಎಷ್ಟ ಬೇಕ ಕೇಳ್ರಿ’ ಅಂದ. ಬೆಂಗಳೂರಿನ ಕನ್ನಡ ಬಿಟ್ಟುಹೋಗಿತ್ತು.

‘ರೊಕ್ಕಾ ಏನ ಮಾಡ್ಲಿ? ಇದು ನಮ್ಮ ಮನಿ ಬಾಗಲಾ. ನಿಮ್ಮ ದೊಡ್ಡಪ್ಪ ಕೇಳದ ಕೊಯ್ದಿದ್ದ. ನಾ ಹೋಗಿ ಹೊತಗೊಂಡ ಬಂದೆ.’

‘ಹೊಸಾ ಈಳಗಿ ಕೊಡಸ್ತೀನಿ. ಸಾಗವಾನಿದೇ.’

‘ಈಗಿನ ಸಾಗವಾನಿ ಅದೇನ ಸಾಗವಾನಿ?’

ಅವನು ಬೆಲೆ ಏರಿಸಿದ. ಮಿಕ್ಸರು, ಫ್ರಿಜ್ಜು, ಅಷ್ಟಕ್ಕೂ ಆಗದಿದ್ದಾಗ ಕಾಶಿ ಯಾತ್ರೆ. ಅತ್ತೆ ಹೀರೆಕಾಯಿ ಮುಗಿಸಿ ಸೋರೆಕಾಯಿ ಎತ್ತಿಕೊಂಡರು. ಅದರ ತೊಟ್ಟು ತೆಗೆಯುತ್ತ ನನ್ನ ಕಡೆ ತಿರುಗಿ, ‘ತಮ್ಮಾ, ಬಾಗಲಕ್ಕ ಎರಡ ಕದಾ ಇದ್ದುವಲ್ಲಾ. ಇನ್ನೊಂದ ಎಲ್ಲಿ?’ ಅಂದರು.

ಇನ್ನೊಂದು ಕದ ಬೇಸ್ ಗಿಟಾರಾಗಿತ್ತು. ಅದು ನಮ್ಮ ಬೇಸ್ ಬಾರಿಸುವವನ ಜತೆ ಮೊದಲು ಅಳ್ನಾವರಕ್ಕೆ, ಅಲ್ಲಿಂದ ಲೋಂಡಾಕ್ಕೆ ಹೋದದ್ದು ನನಗೆ ಗೊತ್ತು. ಅವನ ಮನೆಯಾಕೆ ಅದನ್ನು ಏನು ಮಾಡಿಕೊಂಡಿದ್ದಾರೆ ಎನ್ನುವುದೂ ಗೊತ್ತು. ಆದರೆ ತಮ್ಮನ ಮಗ ಆಗಲೇ ಮೊಬೈಲು ತೆಗೆದು, ‘ಲೋಂಡಾ ಇಲ್ಲಿಂದ ಎಷ್ಟು ದೂರ ದೊಡ್ಡಪ್ಪಾ?’ ಎಂದು ಕೇಳತೊಡಗಿದ್ದ. ಅತ್ತೆಯೂ ಸೋರೆಕಾಯಿ ಬದಿಗಿಟ್ಟು ಸೆರಗು ಸರಿಮಾಡಿಕೊಂಡು, ‘ನಡೀರಿ, ನಾನೂ ಬರ್ತೀನಿ’ ಎಂದು ಎದ್ದುಬಿಟ್ಟರು.